ಕುರ್ಪಾ ಮೊದಲೋ, ಪ್ರಯತ್ನ ಮೊದಲೋ: 1600 ವರ್ಷದ ಜಗಳ

ಕಾರವಾರದ ನಮ್ಮ ಮನೆಯಲ್ಲಿ ಸಂಜೆ ತೆರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಹೇಳುವಾಗ ಒಂದು ಮಾತು 53 ಸಲ ಬರುತ್ತದೆ. 'ನಮಾನ್ ಮೊರಿಯೆ, ಕುರ್ಪೆನ್ ಭರ್ಲೆಲೆ.' ಕೃಪೆಯಿಂದ ತುಂಬಿದ ಯೇಸುವಿನ ತಾಯಿ ಮರಿಯಮ್ಮನಿಗೆ ನಮಸ್ಕಾರ ಅಂತ. ಕೃಪೆಗೆ ನಮ್ಮ ಕೊಂಕಣಿಯಲ್ಲಿ ಕುರ್ಪಾ ಅನ್ನುತ್ತೇವೆ. ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೆ, ಅರ್ಥ ಯೋಚಿಸಿರಲಿಲ್ಲ.

ಯೋಚಿಸುವ ಹಾಗಾಗಿದ್ದು ಒಂದು ನೋಟ್‌ಬುಕ್‌ನಿಂದ. ಒಂದು ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ 40 ದಿನ ಸಿಟ್ಟು ಮಾಡಬಾರದು ಅಂತ ತೀರ್ಮಾನಿಸಿ, ಗೆರೆ ಎಳೆದು ಮನೆ ಮಾಡಿ, ಸಿಟ್ಟಾಗದ ದಿನಕ್ಕೆ ನೀಲಿ ಟಿಕ್, ಆದ ದಿನಕ್ಕೆ ಕೆಂಪು ಗೀಟು ಹಾಕುತ್ತಾ ಹೋದೆ. ಎಂಟು ಟಿಕ್ ಬಿದ್ದವು. ಒಂಬತ್ತನೇ ದಿನ ತಮ್ಮನ ಜೊತೆ ಜೋರು ಜಗಳ. ಆಮೇಲೆ ಸಾಲಾಗಿ ಕೆಂಪು, ಹದಿನಾರನೇ ದಿನದಿಂದ ಪುಟ ಖಾಲಿ. ಅಜ್ಜಿ ಅದನ್ನು ನೋಡಿ, "ಇದನ್ನ ದೇವರಿಗೆ ತೋರಿಸೋಕೆ ಬರೀತಿದ್ದೀಯಾ ಪುತಾ (ಮಗಾ)?" ಅಂದಳು.

ದೇವರ ಕೃಪೆ ಮೊದಲೋ, ನಮ್ಮ ಪ್ರಯತ್ನ ಮೊದಲೋ? ಅಜ್ಜಿಯ ಮಾತಿನ ಹಿಂದಿರುವ ಈ ಪ್ರಶ್ನೆ ಬಹಳ ಹಳೆಯದು. 5ನೇ ಶತಮಾನದ ಮೊದಲಿಗೆ ರೋಮ್‌ನಲ್ಲಿ ಪೆಲಾಗಿಯಸ್ ಎಂಬ ಬ್ರಿಟನ್ನಿನ ವಿರಕ್ತ ಇದ್ದ. ಕ್ರೈಸ್ತರು ಅಂತ ಹೇಳಿಕೊಂಡು ಮನಬಂದಂತೆ ಬದುಕುವವರನ್ನು ನೋಡಿ ಅವನಿಗೆ ಸಂಕಟ. ಉತ್ತರ ಆಫ್ರಿಕದ ಬಿಷಪ್ ಅಗಸ್ಟಿನ್ ಬರೆದ ಒಂದು ಪ್ರಾರ್ಥನೆಯನ್ನು ಯಾರೋ ಅವನೆದುರು ಹೇಳಿದರು: ನೀನು ಆಜ್ಞೆ ಮಾಡುವುದನ್ನು ನೀನೇ ನನಗೆ ಕೊಡು, ಆಮೇಲೆ ಏನು ಬೇಕೋ ಆಜ್ಞೆ ಮಾಡು. ಪೆಲಾಗಿಯಸ್ ಸಿಟ್ಟಾದ. ದೇವರು ಮಾಡು ಅಂದಿದ್ದಾನೆ ಅಂದರೆ ನಮ್ಮ ಕೈಲಿ ಆಗುತ್ತದೆ ಅಂತಲೇ ಅಲ್ವಾ? ನನಗೆ ಅವನ ಪ್ರಶ್ನೆ ಪ್ರಾಮಾಣಿಕ ಅನಿಸುತ್ತದೆ. ಆದರೆ ಅಗಸ್ಟಿನ್‌ಗೆ ತನ್ನ ಮನಸ್ಸು ಗೊತ್ತಿತ್ತು. ಒಳ್ಳೆಯವನಾಗಬೇಕು ಅಂತ ವರ್ಷಗಟ್ಟಲೆ ಒದ್ದಾಡಿ ಸೋತವನು ಅವನು. ಬೇಕು ಅನ್ನುವ ಆಸೆ ಹುಟ್ಟುವುದಕ್ಕೂ ಕೃಪೆ ಬೇಕು ಅಂದ. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲಾಗಿಯಸ್‌ನ ವಾದವನ್ನು ತಳ್ಳಿಹಾಕಿತು. ನಂಬಿಕೆಯ ಮೊದಲ ಹೆಜ್ಜೆಯೂ ಕೃಪೆಯಿಂದಲೇ ಅಂತ 529ರ ಆರೆಂಜ್ ಸಭೆ ಹೇಳಿತು.

ನಮ್ಮವರಿಗೆ ಈ ಜಗಳ ಹೊಸದಲ್ಲ. ಮರಿ ಕೋತಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಶ್ರೀವೈಷ್ಣವರು ಇದೇ ಎರಡನ್ನು ಇಟ್ಟುಕೊಂಡು ಶತಮಾನಗಟ್ಟಲೆ ವಾದ ಮಾಡಿದ್ದಾರೆ.

ಯೇಸು ಹೇಳಿದ ದ್ರಾಕ್ಷಿ ತೋಟದ ಕಥೆ ಇದೆಯಲ್ಲ, ಅದು ಇನ್ನೂ ಕಷ್ಟ. ಬೆಳಿಗ್ಗೆಯಿಂದ ದುಡಿದವನಿಗೂ ಸಂಜೆ ಒಂದು ತಾಸು ಇದ್ದಾಗ ಬಂದವನಿಗೂ ಒಂದೇ ಕೂಲಿ. ಶಿರಸಿ ಕಡೆ ಅಡಿಕೆ ಸುಲಿಯಲು ಕೂತವರ ಮುಂದೆ ಈ ಕಥೆ ಹೇಳಿ ನೋಡಿ. ಅಲ್ಲಿ ಸುಲಿದಷ್ಟಕ್ಕೆ ದುಡ್ಡು. ಅವರಿಗೆ ಸಿಟ್ಟು ಬಂದರೆ ತಪ್ಪೇನಿಲ್ಲ, ಕಥೆಯಲ್ಲೂ ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಸಾವಿರ ವರ್ಷ ದಾಟಿದ ಮೇಲೆ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್, ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದವನು. 1505ರಲ್ಲಿ ಮಠ ಸೇರಿ ಉಪವಾಸ, ಜಾಗರಣೆ ಮಾಡಿದ, ಪಾಪಗಳನ್ನು ಒಂದೂ ಬಿಡದೆ ಗಂಟೆಗಟ್ಟಲೆ ನಿವೇದನೆ ಮಾಡಿಕೊಂಡ. ನೆಮ್ಮದಿ ಸಿಗಲಿಲ್ಲ. ನೀತಿವಂತನು ನಂಬಿಕೆಯಿಂದಲೇ ಬದುಕುವನು ಎಂಬ ಪೌಲನ ಮಾತು ಹಿಡಿದಾಗ ಉಸಿರು ಬಂತು. 1517ರ ಅಕ್ಟೋಬರ್ 31ರಂದು, ಪಾಪದ ಶಿಕ್ಷೆ ಕಳೆಯುವ ಪತ್ರ ಮಾರುವುದರ ವಿರುದ್ಧ ಅವನು ಎದ್ದು ನಿಂತ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುವ ಬೈಬಲಿನ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ, ಅಂದರೆ ಸತ್ವವಿಲ್ಲದ್ದು, ಅಂತ ಕರೆದ. ಅಲ್ಲಿ ಅವನು ಜಾಸ್ತಿಯೇ ಮುಂದೆ ಹೋದ ಅನ್ನುವುದು ನನ್ನ ಅಭಿಪ್ರಾಯ. ಕೃಪೆಯೇ ಮೊದಲು, ಆದರೆ ಮನುಷ್ಯನೂ ಅದಕ್ಕೆ ಕೈ ಸೇರಿಸುತ್ತಾನೆ ಅಂತ 1547ರಲ್ಲಿ ಕಥೋಲಿಕರ ಟ್ರೆಂಟ್ ಸಭೆ ಉತ್ತರ ಕೊಟ್ಟಿತು. 1999ರಲ್ಲಿ, ಅದೇ ಅಕ್ಟೋಬರ್ 31ರಂದು, ಕಥೋಲಿಕರು ಮತ್ತು ಲೂಥರನ್ನರು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಒಳ್ಳೆಯ ಕೆಲಸ ಆ ಒಪ್ಪಿಗೆಯ ನಂತರ ಬರುತ್ತದೆ.

ಈಗ ಟಿಕ್ ಹಾಕುವ ಕೆಲಸ ಮೊಬೈಲಿಗೆ ಬಂದಿದೆ. ಬೆಳಿಗ್ಗೆ ಬೇಗ ಏಳು, ಹೆಜ್ಜೆ ಎಣಿಸು, ದಿನಾ ಸ್ವಲ್ಪ ಸುಧಾರಿಸು. ಒಳ್ಳೆಯ ಅಭ್ಯಾಸಗಳೇ, ನಾನೂ ಬೀಚಿನಲ್ಲಿ ನಡೆಯುತ್ತೇನೆ. ಆದರೆ ತಪ್ಪಿದ ದಿನ ಅಲ್ಲಿ ಕ್ಷಮೆ ಇಲ್ಲ, ಸುಮ್ನೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಈಸ್ಟರ್‌ಗೆ ಮುಂಚೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕುಮ್ಸಾರ್‌ಗೆ, ಅಂದರೆ ಪಾದ್ರಿಯ ಮುಂದೆ ಪಾಪ ನಿವೇದನೆಗೆ, ಸಾಲು ನಿಲ್ಲುತ್ತೇವೆ. ಹೋದ ವರ್ಷದ ಸಿಟ್ಟನ್ನೇ ಈ ವರ್ಷವೂ ಹೇಳಿದೆ. ಪಾದ್ರಿ ಹೋದ ಸಲ ಕೊಟ್ಟ ಕ್ಷಮೆಯನ್ನೇ ಕೊಟ್ಟರು, ಒಂದು ಮಾತೂ ಕಡಿಮೆ ಮಾಡಲಿಲ್ಲ. ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದೆ.