ಕೆನ್ರೊಕುಯೆನ್: ನೀರಿನ ಜಾಡು ಹಿಡಿದು ಒಂದು ತೋಟದ ಓದು

ಜಪಾನಿನ ತೋಟಗಳ ಬಗ್ಗೆ ಓದುವಾಗ ಮೂರು ಹೆಸರು ಯಾವಾಗಲೂ ಒಟ್ಟಿಗೆ ಬರುತ್ತವೆ: ಮಿತೊ ಊರಿನ ಕೈರಾಕುಯೆನ್, ಒಕಯಾಮದ ಕೊರಾಕುಯೆನ್, ಕನಜಾವದ ಕೆನ್ರೊಕುಯೆನ್. ಈ ಟಿಪ್ಪಣಿ ಮೂರನೆಯದರ ಬಗ್ಗೆ. ಯಾವ ತಿಂಗಳಲ್ಲಿ ಯಾವ ಹೂ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಅದಕ್ಕಿಂತ ಮೊದಲು ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ.

ಹಳೆಯ ಚೀನೀ ಲೆಕ್ಕದಲ್ಲಿ ಒಳ್ಳೆಯ ತೋಟಕ್ಕೆ ಆರು ಗುಣ ಬೇಕು: ವಿಸ್ತಾರ, ಏಕಾಂತ, ಮನುಷ್ಯನ ಕೈಚಳಕ, ಹಳೆತನ, ನೀರು, ದೂರದ ನೋಟ. ಇವು ಒಂದಕ್ಕೊಂದು ಹೊಂದುವುದಿಲ್ಲ, ಕಷ್ಟ ಇರುವುದು ಅಲ್ಲೇ. ವಿಸ್ತಾರವಾದ ಬಯಲಲ್ಲಿ ಏಕಾಂತ ಸಿಗಲ್ಲ. ನೀರು ನಿಲ್ಲುವುದು ತಗ್ಗಿನಲ್ಲಿ, ದೂರದ ನೋಟ ಸಿಗುವುದು ದಿಬ್ಬದ ಮೇಲೆ.

ಆ ಆರನ್ನೂ ಕೂಡಿಸಿಕೊಂಡ ತೋಟ ಅನ್ನುವುದೇ ಕೆನ್ರೊಕುಯೆನ್ ಹೆಸರಿನ ಅರ್ಥ. ಅದು ಇರುವುದು ದಿಬ್ಬದ ಮೇಲೆ. ಆದರೂ ಅಲ್ಲಿ ಕಸುಮಿಗಾಇಕೆ ಅನ್ನುವ ದೊಡ್ಡ ಕೊಳವಿದೆ. ಇದು ಹೇಗೆ? 1631ರಲ್ಲಿ ಬೆಂಕಿ ಬಿದ್ದು ಪಕ್ಕದ ಕೋಟೆ ಸುಟ್ಟಿತ್ತು. ಮರುವರ್ಷವೇ ಸಾಯಿ ನದಿಯ ಮೇಲ್ಭಾಗದಿಂದ ಕೋಟೆಯವರೆಗೆ ತತ್ಸುಮಿ ಕಾಲುವೆ ತೋಡಿಸಿದರು. ಈ ಪ್ರಾಂತ್ಯವನ್ನು ಆಳುತ್ತಿದ್ದ ಮಾಎದಾ ಮನೆತನದ ಐದನೆಯ ದೊರೆ ತ್ಸುನನೊರಿ ತೋಟ ಶುರುಮಾಡಿದ್ದು 1676ರಲ್ಲಿ. ಅಂದರೆ ಮೊದಲು ಕಾಲುವೆ, ಆಮೇಲೆ ತೋಟ. ಕೊಳದ ಕೆಳಗಿನ ಮಟ್ಟದಲ್ಲಿ ಒಂದು ಕಾರಂಜಿ ಇದೆ. ಪಂಪ್ ಇಲ್ಲ, ಏನೂ ಇಲ್ಲ. ಮೇಲಿನ ಕೊಳದ ನೀರಿನ ಒತ್ತಡಕ್ಕೇ ಅದು ಸುಮಾರು ಮೂರೂವರೆ ಮೀಟರ್ ಚಿಮ್ಮುತ್ತದೆ. ನನ್ನ ಮಟ್ಟಿಗೆ ಇಡೀ ತೋಟದ ಗುಟ್ಟು ಇಲ್ಲೇ ಇದೆ.

ಇನ್ನು ಕಾಲಗಳಿಗೆ ಬರೋಣ. ಚಳಿಗಾಲ ಮುಗಿಯುವ ಹೊತ್ತಿಗೆ ಪ್ಲಮ್ ಹೂ, ಏಪ್ರಿಲ್‌ನಲ್ಲಿ ಚೆರ್ರಿ, ಮೇ ತಿಂಗಳಲ್ಲಿ ಅಂಕುಡೊಂಕು ತೊರೆಯ ಎರಡೂ ದಡದಲ್ಲಿ ನೇರಳೆ ಐರಿಸ್. ಇಲ್ಲಿನ ಕಿಕುಜಾಕುರ ಅನ್ನುವ ಚೆರ್ರಿಯನ್ನು ತಪ್ಪಿಸಬೇಡಿ. ಒಂದೊಂದು ಹೂವಿಗೆ 300ಕ್ಕೂ ಜಾಸ್ತಿ ಎಸಳು, ಅರಳುವುದೂ ಉಳಿದವುಗಳಿಗಿಂತ ತಡವಾಗಿ. ಜೂನ್ ಮಳೆಗೆ ಪಾಚಿ ಹಸಿರಾಗುತ್ತದೆ.

ನಿಧಾನವಾಗಿ ಓದಬೇಕಾದದ್ದು ಚಳಿಗಾಲವನ್ನು. ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು, ಕನಜಾವ ಇರುವ ಈ ಕರಾವಳಿಯಲ್ಲಿ ಹಿಮವಾಗಿ ಸುರಿಯುತ್ತದೆ. ಕನಜಾವದಲ್ಲಿ ಚಳಿ ವಿಪರೀತವೇನಲ್ಲ. ಅದಕ್ಕೇ ಹಿಮ ಪುಡಿಪುಡಿಯಾಗಿರದೆ ಒದ್ದೆಯಾಗಿ, ಭಾರವಾಗಿ ಬೀಳುತ್ತದೆ. ಪೈನ್ ಮರದ ಅಗಲವಾದ ಕೊಂಬೆಗಳು ಆ ಭಾರಕ್ಕೆ ಮುರಿಯುತ್ತವೆ. ಹಾಗಾಗದಂತೆ ಮಾಡುವ ಏರ್ಪಾಡೇ ಯುಕಿತ್ಸುರಿ. ಮರದ ಪಕ್ಕ ಎತ್ತರದ ಕಂಬ ನೆಟ್ಟು, ಅದರ ತುದಿಯಿಂದ ಹುಲ್ಲುಹಗ್ಗಗಳನ್ನು ಇಳಿಬಿಟ್ಟು, ಒಂದೊಂದು ಕೊಂಬೆಗೂ ಕಟ್ಟುತ್ತಾರೆ. ಕಸುಮಿಗಾಇಕೆ ದಡದ ಕರಸಾಕಿ ಪೈನ್ ಒಂದಕ್ಕೇ ಐದು ಕಂಬ, ಸುಮಾರು 800 ಹಗ್ಗ. ಬಿವಾ ಸರೋವರದ ಕರಸಾಕಿಯಿಂದ ಬೀಜ ತರಿಸಿ ಬೆಳೆಸಿದ ಮರ ಅದು. ಹಗ್ಗ ಜಾಸ್ತಿ ಬಿಗಿದರೆ ಕೊಂಬೆ ಮೇಲೆದ್ದು ಮರದ ಆಕಾರ ಕೆಡುತ್ತದೆ, ಸಡಿಲ ಬಿಟ್ಟರೆ ಕಟ್ಟಿಯೂ ಪ್ರಯೋಜನವಿಲ್ಲ. ಆ ಹದ ಕೈಗೆ ಬರಲು ವರ್ಷಗಳೇ ಬೇಕು, ಅಲ್ವಾ? ಹಗ್ಗಗಳು ಕೊಡೆಯ ಹಾಗೆ ಹರಡಿ ನಿಲ್ಲುವುದು ಎಷ್ಟು ಚೆಂದವೆಂದರೆ, ಇದನ್ನು ನೋಡಲೆಂದೇ ಜನ ಬರುತ್ತಾರೆ. ಆದರೆ ಸುಮ್ನೆ ಅಲಂಕಾರಕ್ಕೆ ಕಟ್ಟಿದ್ದಲ್ಲ ಅನ್ನುವುದು ನೆನಪಿರಲಿ.

ಈ ಕೆಲಸ ನವೆಂಬರ್ 1ಕ್ಕೆ ಶುರುವಾಗಿ ಡಿಸೆಂಬರ್ ಮಧ್ಯದವರೆಗೆ ನಡೆಯುತ್ತದೆ. ಮಾರ್ಚ್ ಮಧ್ಯದಿಂದ ಹಗ್ಗ ಬಿಚ್ಚುತ್ತಾರೆ. ಹಾಗಾಗಿ ಒಂದೇ ಸಲ ಹೋಗುವುದಾದರೆ ನಾನು ಹೇಳುವುದು ನವೆಂಬರ್ ಕೊನೆಯ ದಿನಗಳನ್ನು. ಮೇಪಲ್ ಎಲೆ ಇನ್ನೂ ಕೆಂಪಗಿರುತ್ತದೆ, ಹಗ್ಗವೂ ಏರಿರುತ್ತದೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ ಆ ಊರಿನಲ್ಲೇ ಒಂದು ಮಾತಿದೆ, ಅದನ್ನು ಪಾಲಿಸಿ. ಒಳಗೆ ಹೋಗುವಾಗ ಕೊದತ್ಸುನೊ ಬಾಗಿಲಿನಿಂದ ಹೋಗಿ. ಕಾಲುವೆ ತೋಟಕ್ಕೆ ಬರುವ ಯಮಜಾಕಿಯಾಮ ಗುಡ್ಡ ಅಲ್ಲೇ ಇದೆ. ಅಲ್ಲಿಂದ ತೊರೆ, ಕಸುಮಿಗಾಇಕೆ, ಕಾರಂಜಿ, ಕೊನೆಗೆ ಮಿದೊರಿ ಜಲಪಾತ, ಹೀಗೆ ನೀರು ಇಳಿಯುವ ದಿಕ್ಕಿನಲ್ಲೇ ನಡೆಯಬಹುದು.