ರಾಜಧಾನಿಗೊಂದು ಸೊಪ್ಪಿನ ಬೆಟ್ಟ

ಮಲೆನಾಡಿನ ಸಾಗರ ತಾಲ್ಲೂಕಿನ ಕಡೆ ಅಡಿಕೆ ತೋಟ ನೋಡಲು ಬಂದವರು ಮರ ಎಷ್ಟು ಎಂದು ಕೇಳಿ ಸುಮ್ಮನಾಗುವುದಿಲ್ಲ, ಬೆಟ್ಟ ಎಷ್ಟಿದೆ ಎಂದೂ ಕೇಳುತ್ತಾರೆ. ತೋಟ ಕಣಿವೆಯಲ್ಲಿರುತ್ತದೆ, ಸೊಪ್ಪಿನ ಬೆಟ್ಟ ಅದರ ನೆತ್ತಿಯ ಮೇಲೆ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಯಲ್ಲಿ ಹಾಸಾಗಿ, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತವೆ. ಅಲ್ಲಿ ಇಂಗಿದ ಮಳೆನೀರು ಬೇಸಿಗೆಯಲ್ಲಿ ಒರತೆಯಾಗಿ ತೋಟಕ್ಕಿಳಿಯುತ್ತದೆ. ನೆಲ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವರದು.

‘ಉದ್ಯಾನ ನಗರ’ ಎಂದಾಗಲೆಲ್ಲ ನನಗೆ ಈ ಬೆಟ್ಟ ನೆನಪಾಗುತ್ತದೆ. ನಾವು ಆ ಮಾತನ್ನು ಪಾರ್ಕು, ಸಾಲುಮರಗಳಿಗೆ ಇಳಿಸಿಬಿಟ್ಟಿದ್ದೇವೆ. 1898ರಲ್ಲಿ ಅದನ್ನು ಮುಂದಿಟ್ಟ ಇಂಗ್ಲೆಂಡಿನ ಎಬನೇಜರ್ ಹೋವರ್ಡ್ (ವಾಸ್ತುಶಿಲ್ಪಿಯಲ್ಲ, ಶೀಘ್ರಲಿಪಿಕಾರ) ಹಾಕಿದ ಲೆಕ್ಕವೇ ಬೇರೆ. ಒಟ್ಟು 6,000 ಎಕರೆಯಲ್ಲಿ ಊರಿಗೆ 1,000 ಮಾತ್ರ. ಉಳಿದ 5,000 ಎಕರೆ ಹೊಲ, ಹುಲ್ಲುಗಾವಲು, ಕಾಡು. ಊರಿನ ಕೊಳೆ ಹೊಲಕ್ಕೆ ಗೊಬ್ಬರ. ನೆಲ ಎಲ್ಲರ ಪರವಾಗಿ ಒಂದೇ ಕೈಯಲ್ಲಿ. ಊರು ಬೆಳೆದಂತೆ ಏರುವ ಗೇಣಿ ಊರಿಗೇ ಸಲ್ಲಬೇಕು.

ಇಡೀ ರಾಜಧಾನಿಯೊಂದನ್ನು ಈ ಆದರ್ಶದ ನೆರಳಿನಲ್ಲಿ ಕಟ್ಟಲು ಹೊರಟದ್ದು ಆಸ್ಟ್ರೇಲಿಯಾ. ಕ್ಯಾನ್‌ಬೆರಾದ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಯನ್ನು 1912ರಲ್ಲಿ ಗೆದ್ದವರು ಷಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್. ಆ ಸೊಗಸಾದ ಚಿತ್ರಗಳನ್ನು ಬರೆದವರು ಪತ್ನಿ ಮೇರಿಯನ್ ಮಹೋನಿ. ಎಯ್ನ್ಸ್‌ಲಿ ಬೆಟ್ಟವನ್ನೂ ಬ್ಲ್ಯಾಕ್ ಮೌಂಟನ್ನನ್ನೂ ಗುರಿಯಾಗಿಟ್ಟು ಅವರು ನಗರದ ಗೆರೆಗಳನ್ನೆಳೆದರು. ಆ ಗುಡ್ಡಗಳ ನೆತ್ತಿಗೆ ಇಂದಿಗೂ ಮನೆಗಳು ಹತ್ತಿಲ್ಲ. ಮೊಲಾಂಗ್ಲೊ ನದಿಗೆ ಅಡ್ಡಕಟ್ಟೆ ಮುಗಿದದ್ದು 1963ರಲ್ಲಿ. ಗ್ರಿಫಿನ್ ಬಯಸಿದ್ದ ಸರೋವರ ತುಂಬುವ ವೇಳೆಗೆ ಅವರು ತೀರಿಕೊಂಡು ಕಾಲು ಶತಮಾನ ಕಳೆದಿತ್ತು. ಅವರು ಕೊನೆಯುಸಿರೆಳೆದದ್ದು ನಮ್ಮ ಲಕ್ನೋದಲ್ಲಿ, 1937ರಲ್ಲಿ.

ಕುರಿಗಳು ಮೇದು ಬೋಳಾಗಿದ್ದ ಆ ಬಯಲಿಗೆ ಹಸಿರು ತಂದವರು ತೋಟಗಾರಿಕೆ ತಜ್ಞ ಚಾರ್ಲ್ಸ್ ವೆಸ್ಟನ್. ಹಿಮಕ್ಕೂ ಬರಕ್ಕೂ ಯಾವ ಸಸಿ ಬಾಳುತ್ತದೆ ಎಂದು ನರ್ಸರಿಯಲ್ಲಿ ಪರೀಕ್ಷಿಸಿ, 1926ರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಗಿಡಗಳನ್ನು ನೆಡಿಸಿದರು.

ಆದರೆ ನನ್ನ ಮನಸ್ಸು ನಿಲ್ಲುವುದು ನಕ್ಷೆಯ ಗಡಿಯ ಮೇಲೆ. ರಾಜಧಾನಿ ಪ್ರದೇಶದ ಎಲ್ಲೆಯನ್ನು ಎಳೆದಾಗ ಕಾಟರ್ ನದಿಯ ಜಲಾನಯನವನ್ನು ಪೂರ್ತಿಯಾಗಿ ಒಳಗೆ ಸೇರಿಸಿಕೊಂಡರು. ಆ ಬದಿಯ ಗಡಿ ಬೆಟ್ಟದ ಏಣನ್ನೇ ಹಿಡಿದು ಸಾಗುತ್ತದೆ. ಕುಡಿಯುವ ನೀರು ಹುಟ್ಟುವ ಕಾಡು ಊರಿನ ಭಾಗವೇ ಎಂದು ಊರು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಇದನ್ನು ಸೊಪ್ಪಿನ ಬೆಟ್ಟ ಎನ್ನದೆ ಇನ್ನೇನೆನ್ನಲಿ?

ಅಲ್ಲಿನ ನೆಲವನ್ನೂ ಯಾರಿಗೂ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮನೆ ನಿವೇಶನಗಳ ಗೇಣಿಯನ್ನು ಮಾತ್ರ 1970ರ ದಶಕದ ಆರಂಭದಲ್ಲಿ ಕೈಬಿಟ್ಟರು. ಹೋವರ್ಡ್ ಅವರ ಲೆಕ್ಕದ ಜೀವಾಳವೇ ಹಾಗೆ ಹೋಯಿತೆಂದು ನನಗೆ ನೋವಿದೆ.

ಗೇಣಿ ಹೋದರೂ ಬೆಟ್ಟ ಉಳಿಯಿತು. ಆದರೆ 2003ರ ಜನವರಿಯ ಕಾಡ್ಗಿಚ್ಚಿನಲ್ಲಿ ಕಾಟರ್ ಕಣಿವೆ ಸುಟ್ಟು, ಬೂದಿಯೂ ಹೂಳೂ ಜಲಾಶಯಗಳಿಗೆ ಇಳಿದವು. ಕಾಡು ಅದುವರೆಗೆ ಸದ್ದಿಲ್ಲದೆ ಸೋಸಿ ಕೊಡುತ್ತಿದ್ದ ನೀರಿಗೆ ದೊಡ್ಡ ಶುದ್ಧೀಕರಣ ಘಟಕವನ್ನೇ ಕಟ್ಟಬೇಕಾಯಿತು. ಪೈನ್ ನೆಡುತೋಪುಗಳು ಉರಿದುಹೋದ ಇಳಿಜಾರುಗಳಲ್ಲಿ ಜನ ಬಂದು ಆ ನೆಲದವೇ ಆದ ಗಿಡಗಳನ್ನು ನೆಟ್ಟರು.