ಕೆನ್ನೆಯೊಳಗಿನ ಬಿಳಿ ಗೆರೆ: ನೋಟ ಒಂದೇ, ರೋಗ ಹಲವು

ಖಾರ ತಾಗಿದರೆ ಬಾಯೆಲ್ಲ ಉರಿ. ಕೆನ್ನೆಯ ಒಳಗೆ ಬಲೆ ಹೆಣೆದಂಥ ಬಿಳಿ ಗೆರೆ, ನಡುನಡುವೆ ಕೆಂಪು ಹುಣ್ಣು. ಇದು ಲೈಕನ್ ಪ್ಲೇನಸ್ ಇರಬಹುದು: ದೇಹದ ರೋಗನಿರೋಧಕ ಶಕ್ತಿಯೇ ಬಾಯಿಯ ಒಳಪದರದ ಮೇಲೆ ತಿರುಗಿಬೀಳುವ ರೋಗ. ದಿನವೂ ನುಂಗುವ ಮಾತ್ರೆ, ಹಲ್ಲಿಗೆ ತುಂಬಿಸಿದ ಅಮಾಲ್ಗಮ್ ಅಥವಾ ಎಲೆಅಡಿಕೆಯಿಂದ ಬಂದ, ಅದನ್ನೇ ಹೋಲುವ ‘ಲೈಕನಾಯ್ಡ್’ ಗಾಯವೂ ಇರಬಹುದು. ವಸಡು ಸುಲಿದಿದ್ದರೆ, ದೇಹದ ರೋಗನಿರೋಧಕ ಶಕ್ತಿಯೇ ಗುಳ್ಳೆ ಏಳಿಸುವ ರೋಗಗಳಾದ ಪೆಂಫಿಗಸ್, ಪೆಂಫಿಗಾಯ್ಡ್‌ಗಳ ಅನುಮಾನವೂ ಬರಬೇಕು.

ಲೈಕನ್ ಪ್ಲೇನಸ್‌ಗೆ ಆ ಹೆಸರು ಕೊಟ್ಟವರು ಇಂಗ್ಲೆಂಡಿನ ಎರಾಸ್ಮಸ್ ವಿಲ್ಸನ್, 1869ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾಕ್ಕೆಂದು ಮೆಪಾಕ್ರಿನ್ ನುಂಗಿದ ಸೈನಿಕರಲ್ಲಿ ಅದನ್ನೇ ಹೋಲುವ ಗಾಯಗಳು ಕಂಡವು. 1953ರಲ್ಲಿ ವಾಲ್ಟರ್ ಲೀವರ್ ಪೆಂಫಿಗಸ್‌ನಿಂದ ಪೆಂಫಿಗಾಯ್ಡನ್ನು ಬೇರ್ಪಡಿಸಿದರು. 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಚರ್ಮದ ವಿರುದ್ಧವೇ ಕೆಲಸ ಮಾಡುವ ಪ್ರತಿಕಾಯಗಳನ್ನು ತೋರಿಸಿದರು.

ನಿಜವಾದ ತೊಡಕು ಶುರುವಾದದ್ದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ 1978ರಲ್ಲಿ ಲೈಕನ್ ಪ್ಲೇನಸ್‌ಗೆ ಲಕ್ಷಣಗಳನ್ನು ಗೊತ್ತುಮಾಡಿತು. ಆದರೆ ಒಂದೇ ಗಾಯವನ್ನು ನೋಡಿದ ತಜ್ಞರು ಒಂದೇ ಮಾತಿಗೆ ಬರುತ್ತಿರಲಿಲ್ಲ. ಡಚ್ ಸಂಶೋಧಕರು 2003ರಲ್ಲಿ ಆ ಲಕ್ಷಣಗಳನ್ನು ಬಿಗಿಗೊಳಿಸಿದರು: ಗೆರೆಗಳು ಬಾಯಿಯ ಎರಡೂ ಬದಿಯಲ್ಲಿರಬೇಕು, ಬಯಾಪ್ಸಿಯಲ್ಲಿ (ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಕ್ಯಾನ್ಸರ್‌ಪೂರ್ವ ಬದಲಾವಣೆ ಇರಬಾರದು. ಉಳಿದದ್ದು ಲೈಕನಾಯ್ಡ್. ಈ ಎರಡನೆಯ ಷರತ್ತಿನ ಮೇಲೆ ವಾದ ಇನ್ನೂ ನಿಂತಿಲ್ಲ. ಲೈಕನ್ ಪ್ಲೇನಸ್ಸೇ ಅಪರೂಪಕ್ಕೆ ಕ್ಯಾನ್ಸರ್ ಆಗುವುದಾದರೆ, ಅದರ ಮೊದಲ ಸುಳಿವು ಕಂಡೊಡನೆ ರೋಗದ ಹೆಸರು ಬದಲಿಸುವುದು ಹೇಗೆ?

ನಮ್ಮಲ್ಲಿ ಇನ್ನೊಂದು ಗಂಟಿದೆ. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವವರಲ್ಲಿ ಲೈಕನ್ ಪ್ಲೇನಸ್‌ನಂತೆ ಕಾಣುವ ಗಾಯವನ್ನು ಭಾರತದ ಸಂಶೋಧಕರು 1980ರಲ್ಲೇ ವಿವರಿಸಿದ್ದರು. ತಾಂಬೂಲ ಒತ್ತಿಡುವ ಜಾಗದಲ್ಲೇ ಅದು ಮೂಡುತ್ತದೆ. ಗೆರೆಗಳು ಒಂದನ್ನೊಂದು ಹಾಯದೆ ಅಲೆಯಂತೆ ಸಾಲಾಗಿ ಹೋಗುತ್ತವೆ. ಜಗಿಯುವುದನ್ನು ಬಿಟ್ಟರೆ ಮಾಸಬಹುದು. ಅಡಿಕೆ ಬೆಳೆಯುವ ಮಲೆನಾಡು, ಕರಾವಳಿಯಲ್ಲಂತೂ ‘ಯಾವ ಕಡೆ ಇಟ್ಟುಕೊಳ್ಳುತ್ತೀರಿ?’ ಎಂಬುದು ಮೊದಲ ಪ್ರಶ್ನೆಯಾಗಬೇಕು. ಅದನ್ನು ಕೇಳುವ ಮೊದಲೇ ಬಿ ಕಾಂಪ್ಲೆಕ್ಸ್, ಹಚ್ಚುವ ಜೆಲ್ ಶುರುವಾಗಿ, ತಿಂಗಳುಗಳು ಕಳೆದುಹೋಗುತ್ತವೆ.

ಈ ವಿಳಂಬ ಪೆಂಫಿಗಸ್‌ನಲ್ಲಿ ದುಬಾರಿ. ಮೈಮೇಲೆ ಗುಳ್ಳೆ ಏಳುವ ಎಷ್ಟೋ ತಿಂಗಳ ಮುಂಚೆ ಅದು ಬಾಯಲ್ಲಿ ಕಾಣಿಸಿಕೊಳ್ಳುವುದುಂಟು. ಪೆಂಫಿಗಾಯ್ಡ್ ಕಣ್ಣಿಗೂ ಹಬ್ಬಿ, ಗಾಯದ ಕಲೆಯಿಂದ ದೃಷ್ಟಿಯನ್ನೇ ಕಸಿಯಬಲ್ಲದು. ಇವನ್ನು ಖಚಿತಪಡಿಸಲು ಬಾಯಿಯ ಒಳಪದರದ ಎರಡು ತುಣುಕು ಬೇಕು. ಒಂದು ಫಾರ್ಮಲಿನ್‌ನಲ್ಲಿ, ಮಾಮೂಲಿ ಬಯಾಪ್ಸಿಗೆ. ಇನ್ನೊಂದು, ಅಂಗಾಂಶಕ್ಕೆ ಅಂಟಿದ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್‌ಗೆ: ಹುಣ್ಣಿನ ನಡುವಿನಿಂದಲ್ಲ, ಪಕ್ಕದ ಸುಲಿಯದ ಭಾಗದಿಂದ ತೆಗೆದು, ಬೇರೆ ದ್ರಾವಣದಲ್ಲಿ ಕಳಿಸಬೇಕು. ಫಾರ್ಮಲಿನ್‌ಗೆ ಬಿದ್ದರೆ ಅದು ಆ ಪರೀಕ್ಷೆಗೆ ಬಾರದು.